ಕಾಟ್ಲಾ ಮೀನಿನ ತಲೆ ಮತ್ತು ಅತ್ತೆಯ ಪಂಪು

ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಮೀನು ಎಂಬ ಮಾತನ್ನೇ ಎತ್ತುವಂತಿರಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆ. ಶಿಕಾರಿಪುರದ ಮೀನು ಮಾರುವ ಜಾಗ ಬಂತೆಂದರೆ ಅವ್ವ ಸೆರಗನ್ನು ಮೂಗಿಗೆ ಹಿಡಿದು, ನನ್ನ ಕೈಯನ್ನೂ ಎಳೆದುಕೊಂಡು ರಸ್ತೆಯ ಆಚೆ ಬದಿಗೆ ದಾಟುತ್ತಿದ್ದಳು. ಇಪ್ಪತ್ತೆರಡು ವರ್ಷ ನಾನೂ ಹಾಗೇ ದಾಟಿದೆ. ಇಪ್ಪತ್ತಮೂರನೆಯ ವರ್ಷ ದಾಟಲಿಲ್ಲ. ಅದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಆಗ ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಅಪ್ಪನ ವೆಲ್ಡಿಂಗ್ ಶಾಪಿಗೆ ಹೋಗುತ್ತಿದ್ದೆ. ಟ್ರೇಲರ್ ರಿಪೇರಿಗೆ ಬಂದವರು, ವೆಲ್ಡಿಂಗ್ ಮಾಡುತ್ತಿದ್ದ ನನ್ನನ್ನೇ ನೋಡುತ್ತಾ, "ಗಂಡಸ್ರು ಯಾರೂ ಇಲ್ಲೇನ್ರೀ?" ಎಂದು ಕೇಳುತ್ತಿದ್ದರು. ಮುರಿದಿರುವುದು ಎಲ್ಲಿ ಎಂದು ನಾನು ಟ್ರೇಲರಿನ ಕಡೆಗೇ ಹೋಗುತ್ತಿದ್ದೆ.

ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆ, ಸೊರಬದ ಆಚೆ ಉಳವಿಯಲ್ಲಿದ್ದಳು. ಗಂಡ ತೀರಿಹೋದ ಮೇಲೆ ಎರಡು ಎಕರೆಯನ್ನು ತಾನೇ ನಿಂತು ಮಾಡಿಸುತ್ತಿದ್ದಳು. ಆ ವರ್ಷ ಶುಂಠಿ ಹಾಕಿದ್ದಳು, ನೀರು ಪಕ್ಕದ ಹಳ್ಳದ್ದು. ಪಂಪಿನ ಪೈಪು ನೀರಿನೊಳಗೆ ಮುಳುಗುವ ತುದಿಗೆ ಒಂದು ತೂತು ತೂತಿನ ಡಬ್ಬಿ ಇರುತ್ತದೆ, ಕಸ ಒಳಗೆ ಹೋಗದಿರಲೆಂದು. ಶಿವರಾತ್ರಿಯ ಹೊತ್ತಿಗೆ ಕಾಡಿನ ಎಲೆಯೆಲ್ಲ ಉದುರಿ ಹಳ್ಳಕ್ಕೆ ಬರುತ್ತದೆ. ಅರ್ಧ ಗಂಟೆಗೊಮ್ಮೆ ತೂತು ಮುಚ್ಚಿ ಪಂಪು ಗಾಳಿ ಎಳೆಯುತ್ತಿತ್ತು. ಪಂಪಿಗೆ ಬೇಕಾದ ತ್ರೀ ಫೇಸ್ ಕರೆಂಟು ಇರುವುದೇ ಬೆಳಗಿನ ಹೊತ್ತು ನಾಲ್ಕು ತಾಸು. ಅಷ್ಟರಲ್ಲಿ ಅತ್ತೆ ಸೀರೆ ಎತ್ತಿ ಕಟ್ಟಿ ಏಳೆಂಟು ಸಲ ಹಳ್ಳಕ್ಕೆ ಇಳಿದು ಎಲೆ ಬಿಡಿಸಬೇಕಿತ್ತು. ಅವಳ ಮಂಡಿ ಊದಿಕೊಂಡಿತ್ತು.

ಅವಳ ಭಾವ, ಗಂಡನ ಅಣ್ಣ, ಇದನ್ನೇ ಕಾಯುತ್ತಿದ್ದರು. ಜಮೀನನ್ನು ತಮಗೆ ಗೇಣಿಗೆ ಬಿಟ್ಟುಕೊಡುವ ಹಾಗೆ ಬಾಂಡ್ ಪೇಪರ್ ಬರೆಸಿ ತಂದು ಅವಳ ಮುಂದಿಟ್ಟಿದ್ದರು. "ಹೆಂಗಸು ದಿನಾ ಹಳ್ಳಕ್ಕೆ ಇಳಿಯೋದು ನಮ್ಮ ಮನೆತನಕ್ಕೆ ಚಂದ ಕಾಣಲ್ಲ. ಯುಗಾದಿಗೆ ಸಹಿ ಹಾಕ್ಕೊಡು, ಆರಾಮಾಗಿ ಮನೇಲಿರು" ಎಂದಿದ್ದರಂತೆ.

"ಸಹಿ ಹಾಕಿದ್ರೆ ಆಯ್ತಲ್ಲ ಮಾರಾಯ್ತಿ, ಮಾರನೇ ದಿನದಿಂದ ನನ್ನ ಗದ್ದೇಗೆ ನಾನೇ ನೆಂಟಿ" ಎಂದಳು ಅತ್ತೆ ಫೋನಿನಲ್ಲಿ. ನನಗೆ ಮೈಯೆಲ್ಲ ಉರಿಯಿತು.

ಮೀನಿನ ಬಾಯಿ ನೋಡಿ ಯಾರೋ ಫಿಲ್ಟರ್ ಮಾಡಿದ ವಿಡಿಯೊ ಒಂದನ್ನು ನಾನು ಮೊಬೈಲಿನಲ್ಲಿ ನೋಡಿದ್ದೆ. ಇಂಗ್ಲಿಷ್ ಮಾತು ಅರ್ಧ ತಿಳಿಯಿತು, ಅರ್ಧ ಇಲ್ಲ. ತಿಳಿದದ್ದು ಇಷ್ಟು: ಕೆಲವು ಮೀನು ದಿನವಿಡೀ ನೀರು ಸೋಸಿ ತಿನ್ನುತ್ತವೆ, ಆದರೂ ಅವುಗಳ ಜರಡಿ ಕಟ್ಟಿಕೊಳ್ಳುವುದಿಲ್ಲ. ನನಗೆ ಅಷ್ಟೇ ಸಾಕಾಯಿತು. ಪೈಪಿನ ತುದಿಯ ಡಬ್ಬಿಯ ಬದಲಿಗೆಂದು ತಗಡು ಕತ್ತರಿಸಿ ಶಂಕುವಿನಂತೆ ಸುತ್ತಿ, ಮೈತುಂಬ ಓರೆ ಸೀಳು ಬಿಟ್ಟೆ. ಸೀಳುಗಳ ಬಾಯಿಯನ್ನು ನೀರು ಹರಿದುಬರುವ ಕಡೆಗೇ ತೆರೆದಿಟ್ಟೆ. ಮೀನು ಕಿವಿರಿನಿಂದ ಉಸಿರಾಡುತ್ತದೆ ಎಂದು ಶಾಲೆಯಲ್ಲಿ ಓದಿದ್ದೆನಲ್ಲ, ನಮಗೆ ಮೂಗಿದ್ದ ಹಾಗೆ ಅದಕ್ಕೆ ಕಿವಿರು, ನೀರು ಅಲ್ಲಿಂದ ಒಳಗೆ ಹೋಗಿ ಬಾಯಿಂದ ಹೊರಗೆ ಬರುತ್ತದೆ ಎಂದೇ ತಿಳಿದಿದ್ದೆ. ಹುಟ್ಟಿದ ಮೇಲೆ ಒಂದು ಮೀನನ್ನೂ ಹತ್ತಿರದಿಂದ ಕಂಡವಳಲ್ಲ.

ಸೊರಬದ ಬಸ್ಸು ಹತ್ತಿ, ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. "ಏನ್ರೀ ಇದು, ಮೈಕಿನ ಹಾರ್ನಾ?" ಎಂದ ಕಂಡಕ್ಟರ್. "ಮೀನಿನ ಬಾಯಿ" ಎಂದೆ. ಅವನು ಶಿರಾಳಕೊಪ್ಪ ಬರುವವರೆಗೂ ನನ್ನ ಕಡೆ ತಿರುಗಲಿಲ್ಲ.

ಉಳವಿಯಲ್ಲಿ ಅದು ಹತ್ತು ನಿಮಿಷವೂ ನಡೆಯಲಿಲ್ಲ. ಪ್ರತಿ ಸೀಳೂ ಎಲೆಯನ್ನು ಬಾಚಿ ಬಾಚಿ ಒಳಗೆ ತುಂಬಿಕೊಂಡಿತು. ಹಳೇ ಡಬ್ಬಿಯೇ ಎಷ್ಟೋ ವಾಸಿ. ಅತ್ತೆ ನೀರಿನಲ್ಲೇ ನಿಂತು ಅದನ್ನು ಎತ್ತಿ ನೋಡಿದಳು.

"ಹೌದೇನೇ, ನೀನು ಮೀನಿನ ಬಾಯಿ ನೋಡಿದೀಯಾ?"

"ಇಲ್ಲ ಅತ್ತೆ."

"ಮತ್ತೆ? ಯಾರೋ ಹೇಳಿದ್ದು ಕೇಳಿ ಮಾಡಿದ್ರೆ ಹಿಂಗೇ ಆಗ್ತದೆ. ಹೋಗಿ ನೋಡ್ಕೊಂಡು ಬಾ."

ಮರುದಿನ ಶಿಕಾರಿಪುರದಲ್ಲಿ ನಾನು ರಸ್ತೆ ದಾಟಲಿಲ್ಲ. ಮೀನು ಮಾರುವ ಹೆಂಗಸಿನ ಮುಂದೆ ಹೋಗಿ ನಿಂತು, "ಅಕ್ಕಾ, ನೀರು ಇದರ ಯಾವ ಕಡೆಯಿಂದ ಒಳಗೆ ಹೋಗ್ತತಿ?" ಎಂದು ಕೇಳಿದೆ. ಆಕೆ ಕತ್ತಿ ಕೆಳಗಿಟ್ಟು ನಕ್ಕಳು, ಪಕ್ಕದವಳನ್ನೂ ಕರೆದು ನಗಿಸಿದಳು. ಆಮೇಲೆ ದೊಡ್ಡದೊಂದು ಕಾಟ್ಲಾ ಮೀನಿನ ಬಾಯೊಳಗೆ ಬೆರಳು ತೂರಿಸಿ ಕಿವಿರಿನ ಹಿಂದಿನಿಂದ ಹೊರಗೆ ತೆಗೆದಳು.

"ಬಾಯಾಗ ಹೋಗಿ ಇಲ್ಲಿ ಬರ್ತತಿ ಕಣವ್ವಾ. ನೀನು ತಿನ್ನೋ ಪೈಕಿ ಅಲ್ಲ ಅಲ್ಲಾ?"

ತಲೆಯನ್ನು ಮಾತ್ರ ಕಡಿದು ಕೊಟ್ಟಳು. ಹಳೆಯ ಐಸ್‌ಕ್ರೀಮ್ ಡಬ್ಬಿಯಲ್ಲಿ ಹಾಕಿಕೊಂಡು ಬಂದು, ಮನೆಯ ಹಿತ್ತಲಲ್ಲಿ ಕೂತು ನೋಡತೊಡಗಿದ್ದೆ. ವಾಸನೆಗೆ ಅವ್ವ ಬಂದಳು.

"ಶಿವರಾತ್ರಿ ಆಗಿ ಇನ್ನಾ ವಾರ ಆಗಿಲ್ಲ! ಕೊಳ್ಳಾಗಿರೋ ಲಿಂಗಕ್ಕಾದ್ರೂ ಮರ್ಯಾದಿ ಬ್ಯಾಡೇನೇ?"

"ನಾನು ತಿಂದಿಲ್ಲವ್ವ, ನೋಡಕತ್ತೀನಿ."

"ಅದನ್ನ ಎಸೆದು ತಲೆಗೆ ನೀರು ಹಾಕ್ಕೊಂಡು ಒಳಗ ಬಾ. ಇಲ್ಲಾಂದ್ರ ಅದರ ಜೊತಿಗೆ ನೀನೂ ಹೊರಗ ಇರು."

ನೋಡಿದರೇ ಮೈಲಿಗೆಯಾಗುವುದಾದರೆ ಕೆರೆಯ ಕಡೆಗೂ ನೋಡಬಾರದು, ಹಳ್ಳದ ನೀರಿನಲ್ಲಿ ಬೆಳೆದ ಶುಂಠಿಯನ್ನೂ ಚಹಾಕ್ಕೆ ಹಾಕಬಾರದು. ಅದನ್ನೆಲ್ಲ ಬಾಯಿಬಿಟ್ಟು ಹೇಳಿದೆ. ಅವ್ವ ಅಳುತ್ತಾ ಒಳಗೆ ಹೋದಳು. ಅವಳ ಅಳು ನೋಡಿ ನನಗೂ ಸಂಕಟವಾಯಿತು. ಆದರೂ ಡಬ್ಬಿಗೆ ಮಂಜುಗಡ್ಡೆ ತುಂಬಿ, ಮೂರು ಪ್ಲಾಸ್ಟಿಕ್ ಕವರ್ ಸುತ್ತಿ, ಉಳವಿಗೆ ಹೊರಟೆ.

ಅತ್ತೆಯೂ ಅದೇ ಮನೆಯಲ್ಲಿ ಹುಟ್ಟಿದವಳು, ಅವಳ ಕೊರಳಲ್ಲೂ ಲಿಂಗವಿದೆ. ಅವಳು ಮೂಗು ಮುಚ್ಚಲಿಲ್ಲ. ಅಂಗಳದಲ್ಲಿ ಕೂತು, ಚೊಂಬಿನ ನೀರಿಗೆ ಒಂದು ಹಿಡಿ ಚಹಾಪುಡಿ ಕಲಸಿ, ನಾನು ಅಗಲಿಸಿ ಹಿಡಿದ ಆ ಬಾಯಿಗೆ ನಿಧಾನವಾಗಿ ಹೊಯ್ದಳು. ನೀರು ಎರಡೂ ಪಕ್ಕದ ಕಿವಿರಿನಿಂದ ಸುರಿಯಿತು. ಚಹಾಪುಡಿಯ ಬಹುಪಾಲು ಒಳಗೇ ಉಳಿಯಿತು. ಒಳಗೆ ಬಾಚಣಿಗೆ ಹಲ್ಲಿನಂಥ ಎಳೆಗಳ ಸಾಲು. ಪುಡಿ ಆ ಸಂದುಗಳಲ್ಲಿ ಸಿಕ್ಕಿಕೊಳ್ಳದೆ, ಅವುಗಳ ಮೇಲೆಯೇ ಜಾರಿ ಗಂಟಲಿನ ಕಡೆಗೆ ಹೋಗುತ್ತಿತ್ತು. ನೀರು ಮಾತ್ರ ಪಕ್ಕಕ್ಕೆ ತಿರುಗಿ ತಪ್ಪಿಸಿಕೊಳ್ಳುತ್ತಿತ್ತು. ಮತ್ತೆ ಹೊಯ್ದೆವು, ಮತ್ತೆ ಮತ್ತೆ. ಅತ್ತೆಯ ಡಬ್ಬದಲ್ಲಿದ್ದ ಚಹಾಪುಡಿ ಎಲ್ಲ ಮುಗಿಯಿತು.

"ಕಾಗದ ಕೊಡು ಅತ್ತೆ, ಮರೆಯೋಕೆ ಮುಂಚೆ ಬರ್ಕೋಬೇಕು."

ಒಳಗಿನಿಂದ ಅವಳು ತಂದುಕೊಟ್ಟದ್ದು ಆ ಬಾಂಡ್ ಪೇಪರ್. "ಹಿಂದೆ ಖಾಲಿ ಅದೆ" ಎಂದಳು. ನಾನು ಅವಳ ಮುಖ ನೋಡಿದೆ. "ಬರಿಯೇ" ಎಂದಳು. ಮೀನಿನ ನೀರು ಮೆತ್ತಿದ ಕೈಯಲ್ಲೇ ಆ ತಲೆಯ ಚಿತ್ರ ಬರೆದೆ.

ಈ ಸಲ ಶಂಕುವಿನ ಚೂಪು ತುದಿ ನೀರಿಗೆ ಎದುರಾಗಿ, ಸೀಳುಗಳ ಬಾಯಿ ಹಿಂದಕ್ಕೆ. ಹರಿದುಬಂದ ಎಲೆ ಮೈಮೇಲೆ ಜಾರಿ ಮುಂದೆ ಹೋಗಬೇಕು, ನೀರು ಮಾತ್ರ ಹಿಂದಕ್ಕೆ ತಿರುಗಿ ಒಳಗೆ ಬರಬೇಕು. ಶಾಪಿನಲ್ಲಿ ಅಪ್ಪ ಒಳ್ಳೆಯ ಸ್ಟೀಲ್ ತಗಡು ತೆಗೆದಿಟ್ಟು ಊಟಕ್ಕೆ ಹೋದರು. ಹಳ್ಳದಲ್ಲಿ ಕಲ್ಲು ಜೋಡಿಸಿ ನೀರು ಜೋರಾಗುವ ಕಡೆ ಅದನ್ನು ಕೂರಿಸಿದೆವು. ಮೊದಲ ದಿನ ಅತ್ತೆ ಎರಡು ಸಲ ಇಳಿದಳು. ಸೀಳು ಸ್ವಲ್ಪ ಕಿರಿದು ಮಾಡಿಕೊಟ್ಟೆ. ಆಮೇಲೆ ದಿನಕ್ಕೊಂದು ಸಲ ದಡದಲ್ಲೇ ನಿಂತು ಕೋಲಿನಿಂದ ತಟ್ಟಿದರೆ ಸಾಕಾಗುತ್ತಿತ್ತು.

ಯುಗಾದಿಗೆ ಎರಡು ದಿನವಿರುವಾಗ ಬೆಳಗ್ಗೆ ಅತ್ತೆಯ ಭಾವ ಬಂದರು. ನಾನೂ ಅಲ್ಲೇ ಇದ್ದೆ. ಜಗುಲಿಯಲ್ಲಿ ಕೂತು ನೀರು ಕುಡಿದು, "ಆ ಕಾಗದ ತಗೊಂಬಾ" ಎಂದರು. ಇಷ್ಟು ವರ್ಷ ಭಾವನ ಮುಂದೆ ಬಾಗಿಲ ಮರೆಯಿಂದಲೇ ಮಾತಾಡಿದ್ದ ಅತ್ತೆ ಅವತ್ತು ಹೊರಗೆ ಬಂದು, ಎದುರಿಗೆ ನಿಂತು, ಕಾಗದವನ್ನು ಹಿಂಬದಿ ಮೇಲೆ ಮಾಡಿ ಅವರ ಕೈಗಿತ್ತಳು.

"ಏನಿದು?"

"ಮೀನಿನ ತಲೆ, ಭಾವ. ನನ್ನ ಗದ್ದೇಗೆ ನೀರು ಹಾಯಿಸ್ತಿರೋದು."

ಅವರು ಬಿಸಿ ಪಾತ್ರೆ ಮುಟ್ಟಿದವರಂತೆ ಕಾಗದವನ್ನು ಜಗುಲಿಯ ಮೇಲೆ ಬಿಟ್ಟರು. ಹಳ್ಳದ ಕಡೆಯಿಂದ ಪಂಪಿನ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಅದು ನಿಲ್ಲುತ್ತದೆಯೇನೋ ಎಂದು ಅವರು ಬಹಳ ಹೊತ್ತು ಕೂತರು. ನಿಲ್ಲಲಿಲ್ಲ, ಅವರೇ ಎದ್ದು ಹೋದರು.

ಆ ಕಾಗದ ಈಗ ನಮ್ಮ ಶಾಪಿನ ಗೋಡೆಯ ಮೇಲಿದೆ, ಮೀನು ಹೊರಗೆ, ಗೇಣಿ ಗೋಡೆಗೆ. ಸಹಿಯ ಜಾಗ ಖಾಲಿಯಾಗಿಯೇ ಇದೆ. ಮಧ್ಯಾಹ್ನ ಬುತ್ತಿ ತರುವ ಅವ್ವ ಅದರ ಕಡೆಗೆ ಬೆನ್ನು ಹಾಕಿ ಕೂರುತ್ತಾಳೆ. ಕೂರಲಿ. ನಾನು ಅದನ್ನು ತೆಗೆಯುವುದಿಲ್ಲ.