ಚೀಲದ ತೂಕ ಕಳೆದ ಅಪ್ಪ

ನಮ್ಮ ಮನೆಗೆ ಬಿಎಂಐ ಬಂದದ್ದು ಮಹಡಿಯಲ್ಲಿ ಬಾಡಿಗೆಗಿದ್ದ ಹುಡುಗನ ಮೂಲಕ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಹುಡುಗ ಗದಗಿನ ಕಡೆಯವನು, ಬಿಟಿಎಂ ಲೇಔಟಿನ ಆಫೀಸೊಂದರಲ್ಲಿ ಕೆಲಸ. ಊರಿನ ಗರಡಿಯಲ್ಲಿ ಬೆಳೆದ ಮೈ. ಅವನು ಮೆಟ್ಟಿಲಿಳಿದರೆ ನಮ್ಮ ಅಡುಗೆಮನೆಯ ಲೋಟಗಳು ಅಲ್ಲಾಡುತ್ತಿದ್ದವು. ಒಂದು ಸಂಜೆ ಮುಖ ಸಣ್ಣಗೆ ಮಾಡಿಕೊಂಡು ಬಾಗಿಲಿಗೆ ಬಂದ.

“ಅಕ್ಕಾರ, ಆಫೀಸ್ನ್ಯಾಗ ಎಲ್ಲಾರ್ನೂ ಚೆಕಪ್ ಮಾಡಿದರ್ರೀ. ನನಗ ಓವರ್‌ವೇಟ್ ಅಂತಾರ. ದಿನಾ ದಂಡ ಹೊಡಿತೀನ್ರೀ, ಬೊಜ್ಜು ಎಲ್ಲೈತಿ ನೀವ ಹೇಳ್ರಿ.”

ನಾನಾಗ ಕುಮಾರಸ್ವಾಮಿ ಲೇಔಟಿನ ಸಣ್ಣ ಶಾಲೆಯೊಂದರಲ್ಲಿ ಗಣಿತದ ಟೀಚರ್. ಲೆಕ್ಕ ಎಂದರೆ ಕಿವಿ ನೆಟ್ಟಗಾಗುತ್ತಿತ್ತು. ಈ ಬಿಎಂಐ ಲೆಕ್ಕವನ್ನು ಅವನನ್ನೇ ಕೇಳಿ ತಿಳಿದುಕೊಂಡೆ. ಎತ್ತರವನ್ನು ಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಬೇಕು. ಬಂದದ್ದರಿಂದ ಕಿಲೋ ತೂಕವನ್ನು ಭಾಗಿಸಬೇಕು. ಹದಿನೆಂಟೂವರೆಗಿಂತ ಕಡಿಮೆ ಬಂದರೆ ಸಣಕಲು, ಇಪ್ಪತ್ತೈದರೊಳಗೆ ನಾರ್ಮಲ್, ಮೇಲೆ ಹೋದರೆ ತೂಕ ಜಾಸ್ತಿ, ಮೂವತ್ತು ಮುಟ್ಟಿದರೆ ಬೊಜ್ಜು. ಆದರೆ ಮಾಂಸಖಂಡ ಯಾವುದು, ಕೊಬ್ಬು ಯಾವುದು ಎಂದು ಭಾಗಾಕಾರಕ್ಕೆ ಹೇಗೆ ಗೊತ್ತಾಗಬೇಕು? ಪಾಪ, ಹುಡುಗ ಸಿಕ್ಕಿಬಿದ್ದದ್ದು ಅಲ್ಲೇ. ಅದನ್ನೇ ಹೇಳಿ ಸಮಾಧಾನ ಮಾಡಿ ಕಳಿಸಿದೆ.

ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದ ಅಮ್ಮನ ಯೋಚನೆಯೇ ಬೇರೆ. ಅಪ್ಪನದು ಇಟ್ಟಮಡುವಿನಲ್ಲಿ ದನದ ಹಿಂಡಿ-ಬೂಸಾ ಅಂಗಡಿ. ಒಂದು ಕಾಲಕ್ಕೆ ಅಲ್ಲೇ ಹೊಲ ಉತ್ತವರು. ಹೊಲ ಲೇಔಟಾಗಿ ವರ್ಷಗಳೇ ಕಳೆದಿದ್ದರೂ ಊಟ ಮಾತ್ರ ಉಳುವವರ ಊಟವೇ. ಮುದ್ದೆಯ ಗಾತ್ರ ಒಂದು ಚೂರೂ ಇಳಿದಿರಲಿಲ್ಲ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಪಂಚೆಯನ್ನು ದೂಡಿಕೊಂಡು ಮುಂದೆ ಬಂದಿತ್ತು. ಅಪ್ಪನ ಅಣ್ಣನಿಗೆ, ಅಂದರೆ ನಮ್ಮ ದೊಡ್ಡಪ್ಪನಿಗೆ, ಸಕ್ಕರೆ ಕಾಯಿಲೆ ಇದೆಯೆಂದು ತಿಳಿಯುವಷ್ಟರಲ್ಲಿ ಕಾಲಿನ ಹುಣ್ಣು ಕೊಳೆತು ಪಾದವನ್ನೇ ತೆಗೆಯಬೇಕಾಗಿ ಬಂದಿತ್ತು. ಅಂದಿನಿಂದ ಅಮ್ಮ, ನೀವೂ ರಕ್ತ ಪರೀಕ್ಷೆ ಮಾಡಿಸಿ ಎಂದು ಅಪ್ಪನನ್ನು ಗೋಗರೆಯುತ್ತಿದ್ದಳು. ಅವರು ಈಚೆಗೆ ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದುದು ಅವಳ ಕಣ್ಣಿಗೆ ಬಿದ್ದಿತ್ತು. ಈ ಲೆಕ್ಕದಲ್ಲಾದರೂ ಸಿಕ್ಕಿಬೀಳಲಿ ಎಂದು ಭಾನುವಾರ ನನ್ನನ್ನು ಅಂಗಡಿಗೆ ಎಳೆದುಕೊಂಡು ಹೋದಳು.

ಅಲ್ಲಿ ಚೀಲ ತೂಗುವ ದೊಡ್ಡ ತಕ್ಕಡಿಯಿತ್ತು, ಕೆಳಗೆ ಹಲಗೆ ಇರುವಂಥದ್ದು. ಮೊದಲು ಅಮ್ಮ ಹತ್ತಿದಳು. ಅರವತ್ತಮೂರು ಕೆಜಿ, ಎತ್ತರ ನೂರ ಐವತ್ತೆರಡು ಸೆಂಟಿಮೀಟರ್. ಲೆಕ್ಕ ಇಪ್ಪತ್ತೇಳು ದಾಟಿತು. ಅಪ್ಪನಿಗೆ ಹಬ್ಬವೋ ಹಬ್ಬ.

“ಮೊದ್ಲು ನಿಮ್ಮಮ್ಮನಿಗೆ ಟೆಸ್ಟ್ ಮಾಡ್ಸಮ್ಮ,” ಎನ್ನುತ್ತ ತಾವೂ ಹತ್ತಿದರು. ಅರವತ್ತೊಂಬತ್ತು ಕೆಜಿ; ಎತ್ತರ ನೂರ ಅರವತ್ತೈದು. ಇಪ್ಪತ್ತೈದೂ ಚಿಲ್ಲರೆ ಎಂದೆ. ಅಮ್ಮನ ಮುಖ ಅರಳಿತು. ಗಂಡನ ತೂಕ ಜಾಸ್ತಿಯೆಂದು ಅಷ್ಟು ಸಂತೋಷಪಟ್ಟ ಹೆಂಗಸನ್ನು ನಾನು ಮತ್ತೆ ಕಂಡಿಲ್ಲ.

ಅಪ್ಪ ಹಲಗೆಯಿಂದ ಇಳಿಯುತ್ತ ಕೇಳಿದರು, “ಚೀಲ ಕಳೆದ್ಯಾ?”

“ಯಾವ ಚೀಲ ಅಪ್ಪ?”

“ಈ ತಕ್ಕಡೀಲಿ ಏನೇ ತೂಗಿದ್ರೂ ಚೀಲಕ್ಕೆ ಅಂತ ಒಂದು ಕೆಜಿ ಕಳೀತೀವಿ ಕಣಮ್ಮ. ಪಂಚೆ, ಶರ್ಟು, ಬೀಗದ ಕೈ ಗೊಂಚಲು, ಇದೆಲ್ಲ ಚೀಲ ಅಲ್ವಾ?”

ಅವರು ತಮಾಷೆ ಮಾಡುತ್ತಿರಲಿಲ್ಲ, ವ್ಯಾಪಾರದ ಅಭ್ಯಾಸ. ಒಂದು ಕೆಜಿ ಕಳೆದೆ. ಇಪ್ಪತ್ತೈದಕ್ಕೆ ಕೂದಲೆಳೆಯಷ್ಟು ಕಡಿಮೆ ಬಂತು. “ಹಂಗಾದ್ರೆ ನಾರ್ಮಲ್ಲು. ಮುಗೀತು,” ಎಂದು ಅಪ್ಪ ಗಲ್ಲಾಪೆಟ್ಟಿಗೆಯ ಮುಂದೆ ಹೋಗಿ ಕೂತರು. ಅಮ್ಮನ ಸೀರೆಗೂ ಚೀಲ ಕಳೆಯಬಹುದಿತ್ತು ಎಂದು ಯಾರಿಗೂ ಹೊಳೆಯಲಿಲ್ಲ.

ಆಮೇಲೆ ಅಪ್ಪನನ್ನು ಹಿಡಿಯುವವರಿಲ್ಲ. ಎರಡನೇ ಜಿಲೇಬಿಗೆ ಕೈ ಹಾಕಿದರೂ “ನಾನು ನಾರ್ಮಲ್”, ರಕ್ತ ಪರೀಕ್ಷೆ ಎಂದರೂ “ನಾನು ನಾರ್ಮಲ್”. ಅಮ್ಮ ಮಾತ್ರ ತುಪ್ಪ ಬಿಟ್ಟು, ಬೆಳಿಗ್ಗೆ ಹೊಸಕೆರೆಹಳ್ಳಿಯ ಕೆರೆಯವರೆಗೆ ನಡೆದು ಬರತೊಡಗಿದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಭಾಗಾಕಾರವನ್ನೇ ಹಿಡಿದುಕೊಂಡು ಅಪ್ಪ ನನ್ನ ಬಾಯಿ ಮುಚ್ಚಿಸಿಬಿಟ್ಟಿದ್ದರು.

ಅವರ ಬಾಯಿ ಮುಚ್ಚಿಸಿದ್ದು ಹತ್ತಿಬೀಜದ ಹಿಂಡಿ. ಶಾಲೆಗೆ ರಜೆಯಿದ್ದ ಒಂದು ಮಧ್ಯಾಹ್ನ ಅಮ್ಮ, ನಾನು ಊಟದ ಕ್ಯಾರಿಯರ್ ಹಿಡಿದು ಅಂಗಡಿಗೆ ಹೋದಾಗ ಲಾರಿಯಿಂದ ಚೀಲಗಳು ಇಳಿಯುತ್ತಿದ್ದವು. ಡ್ರೈವರು, “ತೂಕ ಕರೆಕ್ಟಾಗಿದೆ ಅಣ್ಣ, ಬಿಚ್ಚಿ ಏನ್ ನೋಡ್ತೀರ?” ಎಂದ.

“ತೂಕ ಇಟ್ಕೊಂಡು ಏನ್ ಮಾಡ್ಲಿ ಗುರು? ಮರಳು ತುಂಬಿದ್ರೂ ತೂಕ ಬರುತ್ತೆ,” ಎಂದು ಅಪ್ಪ ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿ, ಒಂದು ಹಿಡಿ ತೆಗೆದು ಮೂಸಿದರು.

ಅಮ್ಮ ಕ್ಯಾರಿಯರ್ ಕೆಳಗಿಟ್ಟಳು. “ರೀ, ಹಿಂಡಿಗಾದ್ರೆ ಕೈ ಹಾಕಿ ನೋಡ್ತೀರ. ನಿಮ್ಮೊಳಗೆ ಏನಿದೆ ಅಂತ ಯಾರು ನೋಡ್ಬೇಕು?”

ಡ್ರೈವರು ಜೋರಾಗಿ ನಕ್ಕ. ಅಪ್ಪ ನಗಲಿಲ್ಲ. ಊಟ ಮುಗಿಸಿ ಕೈ ತೊಳೆದುಕೊಂಡ ಮೇಲೆ, “ನಾಳೆ ಹೋಗಣ,” ಎಂದರು.

ಬನಶಂಕರಿಯ ಕ್ಲಿನಿಕ್ಕಿನಲ್ಲಿದ್ದ ಡಾಕ್ಟರು ವಯಸ್ಸಾದ ಹೆಂಗಸು. ಅಪ್ಪ, ಅಮ್ಮ ಇಬ್ಬರ ರಕ್ತವನ್ನೂ ತೆಗೆಸಿದರು. ಚೀಲ ಕಳೆದ ಕತೆ ಕೇಳಿ ಕನ್ನಡಕ ತೆಗೆದಿಟ್ಟು ನಕ್ಕರು. ಆಮೇಲೆ ಅಪ್ಪನ ಹೊಟ್ಟೆಗೆ ಟೇಪು ಸುತ್ತಿದರು. ತೊಂಬತ್ತೆಂಟು ಸೆಂಟಿಮೀಟರ್.

“ಬಿಎಂಐ ಒಂದು ಸುಳಿವು ಅಷ್ಟೇ ಸಾರ್,” ಎಂದರು. “ಅಪಾಯ ಇರಬಹುದು ಅನ್ನುತ್ತೆ, ಕೊಬ್ಬು ಎಲ್ಲಿದೆ ಅಂತ ಹೇಳಲ್ಲ. ನಮ್ಮ ಜನಕ್ಕೆ ಹೊಟ್ಟೇಲೇ ಸೇರ್ಕೊಳ್ಳೋದು ಜಾಸ್ತಿ. ಅದಕ್ಕೇ ನಾವು ಇಪ್ಪತ್ಮೂರು ದಾಟಿದ್ರೇನೇ ಹುಷಾರಾಗ್ಬೇಕು. ಗಂಡಸರ ಸೊಂಟ ತೊಂಬತ್ತರೊಳಗಿದ್ರೆ ಒಳ್ಳೇದು.”

ಮಾರನೆಯ ದಿನ ರಿಪೋರ್ಟಿಗೆಂದು ಮತ್ತೆ ಕ್ಲಿನಿಕ್ಕಿಗೆ ಹೋದೆವು. ಅಮ್ಮನ ರಕ್ತದಲ್ಲಿ ಸಕ್ಕರೆ ಸರಿಯಾಗಿತ್ತು. ಮಂಡಿಗೆ ಭಾರವಾಗದಂತೆ ತೂಕ ಸ್ವಲ್ಪ ಇಳಿಸಿ ಎಂದರು ಡಾಕ್ಟರು. ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ಈಗ ಅಮ್ಮ ಶುರುಮಾಡುತ್ತಾಳೆ ಎಂದುಕೊಂಡೆ. ಅವಳು ತನ್ನ ಕುರ್ಚಿಯನ್ನು ಅಪ್ಪನ ಹತ್ತಿರಕ್ಕೆ ಎಳೆದುಕೊಂಡಳು. ಅಪ್ಪ ನಾನು ಎಂದೂ ಕೇಳದ ಸಣ್ಣ ದನಿಯಲ್ಲಿ ಕೇಳಿದರು:

“ಮೇಡಂ, ನಮ್ಮಣ್ಣನ ತರ ನಂಗೂ ಕಾಲು…”

ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ಇಷ್ಟು ದಿನ ಜಂಬ ಎಂದುಕೊಂಡದ್ದು ಹೆದರಿಕೆಯಾಗಿತ್ತು. ಪರೀಕ್ಷೆ ಮಾಡಿಸಿದರೆ ಏನು ಸಿಕ್ಕೀತು ಎಂದು ಅಂಜಿ ಅಪ್ಪ ಆ ಒಂದು ಕೆಜಿಯ ಮರೆಯಲ್ಲಿ ಅವಿತುಕೊಂಡಿದ್ದರು. ನನಗೆ ಅಳು ಬಂತು.

“ಬೇಗ ಬಂದಿದ್ದೀರಲ್ಲ ಸಾರ್,” ಎಂದರು ಡಾಕ್ಟರು. “ಮಾತ್ರೆ ತಪ್ಪಿಸ್ಬೇಡಿ, ಮುದ್ದೆ ಸಣ್ಣ ಮಾಡಿ, ದಿನಾ ನಡೀರಿ. ಹುಷಾರಾಗಿದ್ರೆ ಕಾಲಿಗೆ ಏನೂ ಆಗಲ್ಲ.”

ಹೊರಗೆ ಬಂದಾಗ ಇಟ್ಟಮಡುವಿನ ಬಸ್ಸು ನಿಂತಿತ್ತು. “ನೀನು ಹತ್ತಮ್ಮ, ನಾವು ನಡ್ಕೊಂಡು ಬರ್ತೀವಿ,” ಎಂದು ಅಮ್ಮ ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟಳು. ಅಪ್ಪ ಪಂಚೆ ಎತ್ತಿ ಕಟ್ಟಿ, ಚಪ್ಪಲಿಯಲ್ಲಿದ್ದ ತಮ್ಮ ಎರಡೂ ಪಾದಗಳನ್ನು ಒಮ್ಮೆ ನೋಡಿಕೊಂಡು, ಅವಳ ಹಿಂದೆ ಹೆಜ್ಜೆ ಹಾಕಿದರು.