ಎಲೆನಿಯ ಎಡಗಾಲು

2004ರ ಚಳಿಗಾಲ. ನಾವಾಗ ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನಲ್ಲಿದ್ದೆವು. ಮೈಸೂರಿನಲ್ಲಿ ಫಿಸಿಯೋಥೆರಪಿ ಓದಿದ್ದ ನಾನು ಮ್ಯಾಂಚೆಸ್ಟರ್‌ನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಆಟಗಾರರಿಗೆ ಚಿಕಿತ್ಸೆ ಕೊಡುತ್ತಿದ್ದೆ. ಅಲ್ಲಿಗೆ ಎಲೆನಿ ವಾರಕ್ಕೆರಡು ಸಲ ಬರುತ್ತಿದ್ದಳು. ಗ್ರೀಸ್‌ನ ಹುಡುಗಿ, ಹೈಜಂಪ್ ಆಟಗಾರ್ತಿ. ತರಬೇತಿಗೆಂದು ಇಂಗ್ಲೆಂಡಿಗೆ ಬಂದಿದ್ದಳು. ಊರಿನ ಶಾಲೆಯಲ್ಲಿ ಮೆತ್ತೆಯಿಲ್ಲದೆ ಹಳೆ ಹಾಸಿಗೆಗಳನ್ನು ಪೇರಿಸಿ ಜಿಗಿಯಲು ಕಲಿತವಳು. ಆ ವರ್ಷದ ಒಲಿಂಪಿಕ್ಸ್ ಅವಳ ದೇಶದಲ್ಲೇ ಇತ್ತು. ಅದಕ್ಕೆ ಆಯ್ಕೆಯಾಗಲು ಬೇಕಾದ ಎತ್ತರಕ್ಕೆ ಅವಳಿಗಿನ್ನೂ ಎರಡು ಸೆಂಟಿಮೀಟರ್ ಬಾಕಿ.

ಭಾನುವಾರ ನಮ್ಮ ಮನೆಗೆ ಊಟಕ್ಕೂ ಬರುತ್ತಿದ್ದಳು. ಚಿತ್ರಾನ್ನ ಅಂದರೆ ಪ್ರಾಣ. ನನ್ನನ್ನು ಅಕ್ಕ ಎಂದು ಕರೆಯಲು ನನ್ನ ಗಂಡ ಸುರೇಶ್ ಕಲಿಸಿದ್ದರು. ಪೇಷಂಟನ್ನು ಮನೆಗೆ ಕರೆಯಬಾರದೆಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಒಂಟಿ ಹುಡುಗಿ, ಪಾಪ ಅನಿಸಿತ್ತು.

ಜನವರಿಯ ಕೊನೆಯಲ್ಲೊಂದು ದಿನ ಅವಳ ಎಡಪಾದದ ನಡುವಿನ ಮೂಳೆಯನ್ನು ಹೆಬ್ಬೆರಳಿನಿಂದ ಒತ್ತಿದೆ. ಥಟ್ಟನೆ ಕಾಲು ಎಳೆದುಕೊಂಡಳು. ಜಿಗಿಯುವಾಗ ಅವಳು ನೆಲ ಒದ್ದು ಏಳುತ್ತಿದ್ದುದು ಆ ಕಾಲಿನಿಂದಲೇ. ಅಲ್ಲಿ ನೋವಿದ್ದರೆ ಮೂಳೆ ಬಿರುಕು ಬಿಟ್ಟಿರಬಹುದು. ಕೂಡಲೇ ಸ್ಕ್ಯಾನ್ ಮಾಡಿಸಬೇಕು, ಆರು ವಾರ ಜಿಗಿಯುವ ಹಾಗಿಲ್ಲ. ನಮ್ಮ ಓದಿನಲ್ಲಿ ಮೊದಮೊದಲು ಕಲಿಯುವ ಪಾಠ ಅದು.

"ಅಕ್ಕ, ಇದನ್ನ ಬರೀಬೇಡಿ," ಎಂದಳು ಎಲೆನಿ. "ಬರೆದ್ರೆ ಕೋಚ್ ನನ್ನನ್ನ ಕಣಕ್ಕೆ ಇಳಿಸಲ್ಲ. ಇನ್ನೊಂದೇ ಒಂದು ಸ್ಪರ್ಧೆ."

ನಾನು ಫೈಲಿನಲ್ಲಿ ಸ್ನಾಯು ಸೆಳೆತ ಎಂದು ಬರೆದೆ. ಪಾದಕ್ಕೆ ಬಿಗಿಯಾಗಿ ಟೇಪ್ ಸುತ್ತಿ ಕಳಿಸಿದೆ. ಮನೆಯಲ್ಲಿ ವಿಷಯ ಹೇಳಿದಾಗ ಸುರೇಶ್ ತಟ್ಟೆಯಿಂದ ತಲೆಯೆತ್ತದೆ, "ದಾಕ್ಷಿಣ್ಯಕ್ಕೆ ಬಸಿರಾದ್ರೆ ಹೆರೋಕೆ ಜಾಗ ಇರಲ್ಲ ಕಣೇ," ಎಂದರು. ನನಗೆ ಸಿಟ್ಟು ಬಂತು. ಆ ರಾತ್ರಿ ಅವರೊಂದಿಗೆ ಮಾತು ಬಿಟ್ಟೆ.

ಎರಡು ವಾರದ ನಂತರ ಬರ್ಮಿಂಗ್‌ಹ್ಯಾಮಿನಲ್ಲಿ ಸ್ಪರ್ಧೆ. ಸುರೇಶ್ ಮತ್ತು ನಾನು ನೋಡಲು ಹೋಗಿದ್ದೆವು. ಬೇಕಾಗಿದ್ದ ಎತ್ತರಕ್ಕೆ ಬಾರ್ ಇಟ್ಟರು. ಎಲೆನಿ ಎರಡು ಸಲ ಬೀಳಿಸಿದಳು. ಮೂರನೆಯ ಸಲ ಓಡಿ ಬಂದು, ಎಡಗಾಲು ಊರಿ ಎದ್ದಳು. ಬಾರ್ ಅಲುಗಾಡಿತು, ಬೀಳಲಿಲ್ಲ. ದಾಟಿದಳೆಂದು ತೋರಿಸುವ ಬಿಳಿ ಬಾವುಟ ಮೇಲೆ ಹೋಯಿತು. ಎಲ್ಲರಿಗಿಂತ ಮೊದಲು ಎದ್ದು ನಿಂತು ಚಪ್ಪಾಳೆ ತಟ್ಟಿದವಳು ನಾನೇ. ಎಲೆನಿ ಮಾತ್ರ ಮೆತ್ತೆಯಿಂದ ಏಳಲಿಲ್ಲ. ಎರಡೂ ಕೈಯಲ್ಲಿ ಎಡಪಾದ ಹಿಡಿದುಕೊಂಡಿದ್ದಳು. ಸುರೇಶ್ ನನ್ನ ಕೈ ಹಿಡಿದು ಕೂರಿಸಿದರು.

ಮೂಳೆ ಎರಡು ತುಂಡಾಗಿದೆ, ಬಿರುಕು ಹಳೆಯದು, ಇನ್ನು ಜಿಗಿಯುವ ಮಾತೇ ಇಲ್ಲ ಎಂದರು ಆಸ್ಪತ್ರೆಯ ಡಾಕ್ಟರು. ಅವಳ ಕೋಚ್, ವಯಸ್ಸಾದ ಇಂಗ್ಲಿಷ್ ಮನುಷ್ಯ, ನನ್ನತ್ತ ತಿರುಗಿ ನಿಮಗೆ ಗೊತ್ತಾಗಲಿಲ್ಲವೇ ಎಂದು ಕೇಳಿದರು.

"ನೋವಿದೆ ಅಂತ ನಾನು ಅವರಿಗೆ ಹೇಳೇ ಇರಲಿಲ್ಲ," ಎಂದಳು ಎಲೆನಿ, ಮಲಗಿದಲ್ಲಿಂದಲೇ.

ಕೋಚ್ ಅವಳನ್ನು ಬಯ್ದರು. ನಿನ್ನ ಮೂರ್ಖತನದಿಂದ ಎಲ್ಲ ಹಾಳಾಯಿತು ಎಂದರು. ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ನಾನು ಅವಳ ಕೋಟು ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ.

ಏಪ್ರಿಲ್‌ನಲ್ಲಿ ಅವಳು ಊರುಗೋಲು ಹಿಡಿದು ತನ್ನ ದೇಶಕ್ಕೆ ವಾಪಸಾದಳು. ಆಗ ಅವಳಿಗೆ ಇಪ್ಪತ್ತಮೂರು ವರ್ಷ. ಒಲಿಂಪಿಕ್ಸ್ ಟಿವಿಯಲ್ಲಿ ಬರುತ್ತಿದ್ದಷ್ಟು ದಿನ ನಾನು ಅಡಿಗೆಮನೆ ಬಿಟ್ಟು ಹೊರಗೆ ಬರಲಿಲ್ಲ.

ನಾನು ಈಗಲೂ ಅದೇ ಕೆಲಸದಲ್ಲಿದ್ದೇನೆ. ಯಾರು ಎಷ್ಟೇ ಬೇಡಿಕೊಂಡರೂ ಕಂಡದ್ದನ್ನೇ ಬರೆಯುತ್ತೇನೆ. ಬರೆದರೆ ಇವರ ಹಾಗೆ ಬರೆಯಬೇಕು ಎಂದು ಕ್ಲಿನಿಕ್ಕಿನವರು ಹೊಸಬರಿಗೆ ನನ್ನ ಫೈಲುಗಳನ್ನು ತೋರಿಸುತ್ತಾರೆ. ನಾಚಿಕೆಯಿಂದ ತಲೆ ತಗ್ಗಿಸುತ್ತೇನೆ. ಅವರು ಅದನ್ನು ವಿನಯ ಅಂದುಕೊಳ್ಳುತ್ತಾರೆ. ಆ ಕೋಚ್ ತೀರಿಕೊಂಡರೆಂದು ಕೇಳಿದೆ. ಕೊನೆಯವರೆಗೂ ಅವರು ತಪ್ಪು ಎಲೆನಿಯದೇ ಎಂದು ನಂಬಿದ್ದರು.