ಕೋಡಿ ಹತ್ತಲು ಬಂದ ಬಸುರಿ

ನಾನು ತಾತನಾದೆ. ಹೆಣ್ಣು ಮಗು. ಹೆರಿಗೆಗೆಂದು ತವರಿಗೆ ಬಂದಿದ್ದ ನನ್ನ ಮಗಳು ಇವತ್ತು ಬೆಳಿಗ್ಗೆ ಕೂಸನ್ನೆತ್ತಿಕೊಂಡು ಆಸ್ಪತ್ರೆಯಿಂದ ಮನೆಗೆ ಬಂದಳು. ದಾರಿಯಲ್ಲಿ ಸಿಕ್ಕ ಎಮ್ಮೆಗೂ ಸುದ್ದಿ ಹೇಳಿಬಿಟ್ಟೆ. ಅದೂ ತಲೆಯಾಡಿಸಿತು.

"ಅಪ್ಪಾ, ನಮ್ಮ ಕೋಡಿ ಬಾಳೆಮೀನಿನ ಸಾರು ಉಣ್ಣಬೇಕು ಅನ್ಸ್ತಿದೆ" ಎಂದಳು ಮಗಳು.

"ಅದಕ್ಕೇನವ್ವ, ಸಾಯಂಕಾಲಕ್ಕೆ ತರ್ತೀನಿ" ಎಂದೆ. ಬಾಯಿಗೇನು, ಬಾಡಿಗೆಯೇ?

ಬಾಳೆಮೀನೆಂದರೆ ಮೀಸೆ ಹೊತ್ತ ಆಳುದ್ದದ ಮೀನು. ನಮ್ಮ ಮಧುರೆ ಕಡೆ ಕೆರೆ ತುಂಬಿ ಕೋಡಿ ಬಿದ್ದರೆ, ಕೆಳಗಿನ ಹೊಳೆಯಿಂದ ನೀರಿಗೆ ಎದುರಾಗಿ ಈಜಿ, ಮೊಟ್ಟೆಯಿಡಲು ಕೆರೆಗೆ ಹತ್ತುತ್ತಿತ್ತು. ಅದೂ ಹೆರಿಗೆಗೆ ತವರಿಗೆ ಬಂದಂತೆಯೇ ಅಲ್ಲವೇ? ನಾವು ಬಹಳ ಮರ್ಯಾದಸ್ಥರು. ಮೊದಲು ಗಂಗಮ್ಮನಿಗೆ ಬಾಗಿನ ಬಿಡುತ್ತಿದ್ದೆವು. ಆಮೇಲೆ ಕೋಡಿಗಲ್ಲಿನ ಕೆಳಗೆ ಹಳೆ ಸೀರೆ ಅಡ್ಡ ಹಿಡಿದು, ಬಂದ ಬಸುರಿಯರನ್ನೆಲ್ಲ ಬಾಚುತ್ತಿದ್ದೆವು. ಮೊಟ್ಟೆ ತುಂಬಿದ್ದರೆ ರುಚಿ ಹೆಚ್ಚೆಂದು ಆರಿಸಿ ಹಿಡಿದ ಜಾಣರಲ್ಲಿ ನಾನೇ ಮೊದಲಿಗ. ತಿಂದು ಮಿಕ್ಕಿದ್ದು ತಿಪ್ಪೆಗೆ. ಮೀನು ಬರುವುದು ನಿಂತಾಗ ಊರೆಲ್ಲ ಸೇರಿ ಮಳೆಯನ್ನು ಬೈದೆವು.

ಈ ಸಲ ಕೆರೆ ಮತ್ತೆ ಕೋಡಿ ಬಿದ್ದಿತ್ತು. ಒಂದಾದರೂ ಬಂದೀತೆಂದು ಮಧ್ಯಾಹ್ನ ಸೀರೆ ಹೆಗಲಿಗೆ ಹಾಕಿಕೊಂಡು ಕೋಡಿಗೆ ಹೋದೆ. ಹಳೆಯ ಗೆಳೆಯ ಬಷೀರನೂ ಬಂದ.

"ಏನ್ ಗುರು, ಒಂದಾದ್ರೂ ಉಳಿಸಿದ್ಯಾ, ಇವತ್ತು ಬಂದು ಕೇಳೋಕೆ?"

"ನೀನೇನ್ ಕಮ್ಮಿನಾ? ನಿನ್ ಬುಟ್ಟಿ ನನ್ನದಕ್ಕಿಂತ ದೊಡ್ಡದಿತ್ತು ಕಣೋ."

ಸೊಂಟ ಹಿಡಿಯುವ ತನಕ ನೀರಲ್ಲಿ ನಿಂತೆವು. ಕೊನೆಗೆ ಸೀರೆ ಜಗ್ಗಿತು. ಒಂದೇ ಒಂದು ಬಾಳೆಮೀನು, ಹೊಟ್ಟೆ ಬಿರಿಯುವಂತೆ ಮೊಟ್ಟೆ.

"ಮಗಳ ಅದೃಷ್ಟ ಚೆನ್ನಾಗಿದೆ, ನಡಿ" ಎಂದ ಬಷೀರ.

ನನ್ನ ಕಾಲು ಏಳಲಿಲ್ಲ. ಎರಡು ತಿಂಗಳಿಂದ ಮಗಳು ಹೊಟ್ಟೆ ಹೊತ್ತು, ಏದುಸಿರು ಬಿಡುತ್ತಾ ಅಂಗಳದಲ್ಲಿ ನಡೆದದ್ದನ್ನು ನೋಡಿದ್ದೆ. ಮೀನೂ ಹಾಗೆಯೇ ಬಾಯಿ ತೆರೆದು ಮುಚ್ಚುತ್ತಿತ್ತು.

"ಆ ತುದಿ ಎತ್ತು. ಮೇಲಕ್ಕೆ ಬಿಟ್ಬಿಡೋಣ."

"ನೀನು ತಾತ ಆದ್ಯೋ, ಸನ್ಯಾಸಿ ಆದ್ಯೋ?"

ಬೈಯುತ್ತಲೇ ಎತ್ತಿದ. ಕೋಡಿಗಲ್ಲು ದಾಟಿಸಿ ಕೆರೆಗೆ ಬಿಟ್ಟೆವು. ಅದು ತಿರುಗಿಯೂ ನೋಡಲಿಲ್ಲ. ಸರಿಯೇ, ನಮ್ಮ ಉಪಕಾರ ಅದರ ವಂಶಕ್ಕೆಲ್ಲ ಗೊತ್ತು.

ಸಾಯಂಕಾಲ ಮನೆಯವರೆಲ್ಲ ಒಟ್ಟಿಗೆ ಉಣ್ಣಲು ಕೂತೆವು. ಬಷೀರನನ್ನೂ ಎಳೆದು ಕೂರಿಸಿದೆ. ಹೆಂಡತಿ ಬೆಳ್ಳುಳ್ಳಿ ಮೆಣಸಿನ ಸಾರು ಬಡಿಸುತ್ತಾ, "ಎಲ್ಲಿ, ಶೂರರು ತಂದ ಮೀನು?" ಎಂದಳು.

"ಹೆರಿಗೆಗೆ ಹೋಯ್ತು" ಎಂದೆ.

ಮಗಳು ನನ್ನ ಮುಖವನ್ನೇ ನೋಡಿದಳು. ಮಡಿಲಲ್ಲಿದ್ದ ಕೂಸನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು, "ಹಂಗಾದ್ರೆ ಇನ್ನೊಂದ್ ಸ್ವಲ್ಪ ಅನ್ನ ಹಾಕವ್ವ" ಎಂದಳು.